ಬಡಕಲಾದ ಇಲಿ, ಬೊಜ್ಜು ಬಂದ ಇಲಿ

ಅಂಡಾಶಯದಲ್ಲಿ ಹೊಸದೊಂದು ಹಾರ್ಮೋನು ಸಿಕ್ಕೀತೆಂಬ ಆಸೆಯಿಂದ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ ಇಲಿಗಳಿಗೆ ಅಂಗಗಳ ರಸ ಚುಚ್ಚುತ್ತಿದ್ದರು. ಯಾವ ರಸ ಕೊಟ್ಟರೂ, ಬರೀ ಫಾರ್ಮಲಿನ್ ಕೊಟ್ಟರೂ, ಒಳಗೆ ಕಾಣುತ್ತಿದ್ದದ್ದು ಒಂದೇ: ಊದಿದ ಅಡ್ರಿನಲ್ ಗ್ರಂಥಿ, ಕುಗ್ಗಿದ ಥೈಮಸ್, ಜಠರದಲ್ಲಿ ಹುಣ್ಣು. ಮಾಂಟ್ರಿಯಲ್‌ನ ಚಳಿಗಾಲದಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಾರಸಿಯ ಮೇಲಿಟ್ಟ ಇಲಿಗಳಲ್ಲೂ ಅದೇ. ಹಾರ್ಮೋನು ಸಿಗಲಿಲ್ಲ. ಸಂಕಟ ಯಾವುದೇ ಇರಲಿ, ಮೈ ಅದನ್ನು ಎದುರಿಸುವ ಬಗೆ ಒಂದೇ ಎಂಬುದು ಗೊತ್ತಾಯಿತು. 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅವರ ಪುಟ್ಟ ಬರಹದಲ್ಲಿ ಇನ್ನೊಂದು ಮಾತೂ ಇತ್ತು: ಈ ಇಲಿಗಳ ಮೈಕೊಬ್ಬು ಕರಗಿಹೋಗಿತ್ತು.

ಹಾಗಾದರೆ ಇಂಥ ಸಂಕಟ, ಅಂದರೆ ಒತ್ತಡ, ಬಂದಾಗ ಮೈ ಇಳಿಯಬೇಕು. ಆದರೆ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಅದಕ್ಕೂ ಮುಂಚೆಯೇ ವಿವರಿಸಿದ್ದ ರೋಗ ಬೇರೆಯೇ ಹೇಳುತ್ತಿತ್ತು. ಆ ರೋಗಿಗಳದು ದುಂಡು ಮುಖ, ಡೊಳ್ಳು ಹೊಟ್ಟೆ. ಅದಕ್ಕೆ ಕಾರಣ ಮಿತಿಮೀರಿದ ಕಾರ್ಟಿಸಾಲ್ ಎಂದು ಮುಂದೆ ತಿಳಿಯಿತು. ಒತ್ತಡದಲ್ಲಿ ಅಡ್ರಿನಲ್ ಗ್ರಂಥಿ ಸುರಿಸುವುದೂ ಕಾರ್ಟಿಸಾಲ್ ಜಾತಿಯ ಹಾರ್ಮೋನನ್ನೇ. ಒಂದೇ ಜಾತಿಯ ಹಾರ್ಮೋನು ಇಲ್ಲಿ ಸೊರಗಿಸುವುದು, ಅಲ್ಲಿ ಬೊಜ್ಜು ತರುವುದು ಹೇಗೆ?

ಒಂದು ಸುಳಿವು 1976ರಲ್ಲಿ ಸಿಕ್ಕಿತು. ರೋಲ್ಯಾಂಡ್ ಮತ್ತು ಆಂಟೆಲ್ಮನ್ ಎಂಬ ವಿಜ್ಞಾನಿಗಳು ಇಲಿಗಳ ಬಾಲವನ್ನು ಮೆಲ್ಲಗೆ ಚಿವುಟಿ ಒತ್ತಡ ತಂದು, ಸಿಹಿ ಹಾಲನ್ನು ಮುಂದಿಟ್ಟರು. ಇಲಿಗಳು ಅತಿಯಾಗಿ ಕುಡಿದವು, ತೂಕವೂ ಏರಿತು.

ಗಂಟು ಬಿಚ್ಚಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೇರಿ ಡಾಲ್ಮನ್ ಅವರ ತಂಡ. ಇಲಿಗಳನ್ನು ದಿನಕ್ಕೆ ಕೆಲವು ಗಂಟೆ ಅಲುಗಾಡಲಾಗದಂತೆ ಕೂಡಿಹಾಕಲಾಯಿತು. ದಿನನಿತ್ಯದ ಒಣ ಆಹಾರವಷ್ಟೇ ಇದ್ದ ಇಲಿಗಳು ತಿನ್ನುವುದನ್ನು ಕಡಿಮೆ ಮಾಡಿ ಸೊರಗಿದವು. ಜೊತೆಗೆ ಹಂದಿಯ ಕೊಬ್ಬು ಮತ್ತು ಸಕ್ಕರೆ ನೀರು ಇಟ್ಟ ಪಂಜರದ ಇಲಿಗಳು ಒಣ ಆಹಾರವನ್ನು ಬಿಟ್ಟರೂ ಇವೆರಡನ್ನು ಬಿಡಲಿಲ್ಲ. ಇನ್ನೂ ಅಚ್ಚರಿಯ ಸಂಗತಿ ರಕ್ತಪರೀಕ್ಷೆಯಲ್ಲಿ ಕಂಡಿತು: ಕೊಬ್ಬು, ಸಕ್ಕರೆ ತಿಂದ ಇಲಿಗಳಲ್ಲಿ ಒತ್ತಡದ ಹಾರ್ಮೋನುಗಳು ಅಷ್ಟಾಗಿ ಏರಿರಲಿಲ್ಲ. ತಿಂಡಿ ನಿಜಕ್ಕೂ ನೆಮ್ಮದಿ ಕೊಟ್ಟಿತ್ತು. ಕಾರ್ಟಿಸಾಲ್ ಜಾತಿಯ ಹಾರ್ಮೋನು ರುಚಿಯ ತಿಂಡಿಯತ್ತ ಸೆಳೆಯುತ್ತದೆ, ಇನ್ಸುಲಿನ್ ಜೊತೆಗೂಡಿ ಕೊಬ್ಬನ್ನು ಹೊಟ್ಟೆಯಲ್ಲಿ ಶೇಖರಿಸುತ್ತದೆ, ಆ ಕೊಬ್ಬು ಹೆಚ್ಚಿದಂತೆ ಮಿದುಳಿನ ಗಾಬರಿ ತಗ್ಗುತ್ತದೆ ಎಂದು 2003ರಲ್ಲಿ ಡಾಲ್ಮನ್ ತಂಡ ವಾದಿಸಿತು.

ಮನುಷ್ಯರಲ್ಲಿ? ಸಂಶೋಧಕಿ ಎಲಿಸ್ಸಾ ಎಪೆಲ್ ಮತ್ತು ಸಂಗಡಿಗರು 59 ಮಹಿಳೆಯರನ್ನು ಬೇರೆಬೇರೆ ದಿನ ಒಮ್ಮೆ ಒತ್ತಡಕ್ಕೆ ಒಡ್ಡಿದರು, ಒಮ್ಮೆ ಆರಾಮಾಗಿ ಕೂರಿಸಿದರು; ಎರಡೂ ಸಲ ತಿಂಡಿ ಕೊಟ್ಟರು. ಒತ್ತಡದ ದಿನ ಹೆಚ್ಚು ತಿಂದವರು ಕಾರ್ಟಿಸಾಲ್ ಜೋರಾಗಿ ಏರಿದವರು, ಉಳಿದವರಲ್ಲ. 2001ರಲ್ಲಿ ಪ್ರಕಟವಾದ ಈ ಫಲಿತಾಂಶ, ಒಂದೇ ಕಚೇರಿಯಲ್ಲಿ ಒಂದೇ ಒತ್ತಡದಡಿ ದುಡಿಯುವ ಇಬ್ಬರಲ್ಲಿ ಒಬ್ಬರು ದಪ್ಪಗಾಗುವುದು, ಇನ್ನೊಬ್ಬರು ಊಟವೇ ಸೇರದೆ ಇಳಿಯುವುದು ಯಾಕೆಂಬುದಕ್ಕೂ ಸುಳಿವು ಕೊಡುತ್ತದೆ.

ಬೇಸರವಾದಾಗ ಚಕ್ಕುಲಿ ಡಬ್ಬಿಗೆ ಕೈ ಹಾಕುವವರನ್ನು ಬಾಯಿಚಪಲದವರೆಂದು ಹಂಗಿಸುವುದು ಸುಲಭ. ಆದರೆ ಆ ಕೈಯನ್ನು ಅತ್ತ ಎಳೆಯುವುದು ಬರೀ ಚಪಲವಲ್ಲ. ಅಂಥವರಿಗೆ ಉಪದೇಶಕ್ಕಿಂತ ಹೆಚ್ಚು ಉಪಕಾರವಾಗುವುದು ಎರಡರಿಂದ: ಬೇಸರದ ಮೂಲ ತಗ್ಗಬೇಕು, ಇಲ್ಲವೇ ಡಬ್ಬಿ ಕೈಗೆ ಸಿಗದಷ್ಟು ದೂರವಿರಬೇಕು.