ಲಿಲಿತ್: ಯೆಹೂದ್ಯ ಪರಂಪರೆಯ ಒಂದು ಪಿಶಾಚಿ ಮತ್ತು ಸ್ತ್ರೀವಾದ

ಹೀಬ್ರೂ ಬೈಬಲ್ಲಿನಲ್ಲಿ ಲಿಲಿತ್ ಎಂಬ ಹೆಸರು ಬರುವುದು ಒಂದೇ ಒಂದು ಸಲ. ಪ್ರವಾದಿಯಾದ ಯೆಶಾಯನ ಗ್ರಂಥದ ೩೪ನೆಯ ಅಧ್ಯಾಯದಲ್ಲಿ ಎದೋಮ್ ದೇಶಕ್ಕೆ ಒದಗಲಿರುವ ವಿನಾಶದ ವರ್ಣನೆಯಿದೆ. ಅಲ್ಲಿನ ಅರಮನೆಗಳಲ್ಲಿ ಮುಳ್ಳುಗಿಡಗಳು ಬೆಳೆಯುವುವು, ಕಾಡುಮೃಗಗಳು ಬೀಡುಬಿಡುವುವು. ಅಂಥ ಹಾಳುಬಿದ್ದ ಸ್ಥಳದಲ್ಲಿ ಲಿಲಿತಳಿಗೆ ತಂಗಲು ಎಡೆ ದೊರೆಯುವುದು ಎಂಬುದು ೧೪ನೆಯ ವಚನದ ತಾತ್ಪರ್ಯ. ಅವಳು ಯಾರು, ಎಲ್ಲಿಂದ ಬಂದವಳು ಎಂಬ ವಿವರಣೆಯೇನೂ ಅಲ್ಲಿಲ್ಲ. ಕೇಳುಗರಿಗೆ ಮೊದಲೇ ಪರಿಚಿತಳಾದವಳು ಎಂಬಂತೆ ಹೆಸರು ಬಂದು ಹೋಗುತ್ತದೆ. ಆ ಪರಿಚಯವಿಲ್ಲದ ಅನುವಾದಕರು ಇಲ್ಲಿ ತಡವರಿಸಿದ್ದಾರೆ. ಲ್ಯಾಟಿನ್ ಅನುವಾದವನ್ನು ಮಾಡಿದ ಜೆರೋಮನು ಗ್ರೀಕರ ಶಿಶುಭಕ್ಷಕಿಯಾದ ಲಾಮಿಯಾಳ ಹೆಸರನ್ನು ಬಳಸಿದನು. ೧೬೧೧ರ ಇಂಗ್ಲಿಷ್ ಬೈಬಲ್ಲಿನ ಪಂಡಿತರು ಅವಳನ್ನು ಕಿರುಚುವ ಗೂಬೆಯಾಗಿಸಿದರು. ೧೮೮೫ರ ಪರಿಷ್ಕರಣದಲ್ಲಿ ಅವಳು ಮತ್ತೆ ಇರುಳಿನ ಭೂತವಾದಳು. ಮೃತಸಮುದ್ರದ ಬಳಿಯ ಗವಿಗಳಲ್ಲಿ ದೊರೆತ ಯೆಶಾಯನ ಪ್ರಾಚೀನ ಸುರುಳಿಯಲ್ಲಿ ಈ ಪದ ಬಹುವಚನದಲ್ಲಿರುವುದು ಗಮನಾರ್ಹ. ಅಂದರೆ ಒಂದು ಕಾಲಕ್ಕೆ ಲಿಲಿತ್ ಎಂಬುದು ಒಬ್ಬಳ ಹೆಸರಾಗಿರದೆ ಒಂದು ಪಿಶಾಚವರ್ಗದ ಹೆಸರಾಗಿದ್ದಿತು.

ಈ ವರ್ಗದ ಮೂಲವನ್ನು ಮೆಸೊಪೊಟೇಮಿಯದಲ್ಲಿ ಹುಡುಕಬೇಕು. ಅಲ್ಲಿನ ಅಕ್ಕೇಡಿಯನ್ ಮಂತ್ರಗ್ರಂಥಗಳಲ್ಲಿ ಲಿಲೂ, ಲಿಲೀತು, ಅರ್ದತ್ ಲಿಲೀ ಎಂಬ ಪಿಶಾಚಗಳು ಕಾಣಸಿಗುತ್ತವೆ. ಸುಮೇರಿಯನ್ ಭಾಷೆಯಲ್ಲಿ 'ಲಿಲ್' ಎಂದರೆ ಗಾಳಿ. ಹೀಬ್ರೂವಿನಲ್ಲಿ ರಾತ್ರಿಗೆ 'ಲೈಲಾ' ಎಂಬ ಮಾತಿರುವುದರಿಂದ ಗಾಳಿಯ ಪಿಶಾಚಿ ಕ್ರಮೇಣ ಇರುಳಿನ ಪಿಶಾಚಿಯಾದಳು. ಇವಳಲ್ಲದೆ ಲಮಶ್ತು ಎಂಬ ಇನ್ನೊಬ್ಬಳು ಬಸುರಿಯರನ್ನೂ ಹಸುಗೂಸುಗಳನ್ನೂ ಕಾಡುವವಳು ಎಂದು ಅಲ್ಲಿನವರು ನಂಬಿದ್ದರು. ಇಬ್ಬರ ಗುಣಗಳೂ ಮುಂದೆ ಒಬ್ಬಳಲ್ಲೇ ಸೇರಿಕೊಂಡಂತೆ ತೋರುತ್ತದೆ. ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಬ್ರಿಟಿಷ್ ಮ್ಯೂಸಿಯಂ ೨೦೦೩ರಲ್ಲಿ ಕೊಂಡುಕೊಂಡ, ರೆಕ್ಕೆಗಳೂ ಹಕ್ಕಿಯ ಉಗುರುಗಳೂ ಉಳ್ಳ, ಇಕ್ಕೆಲಗಳಲ್ಲಿ ಗೂಬೆಗಳಿರುವ ನಗ್ನ ದೇವಿಯ ಮಣ್ಣಿನ ಫಲಕವನ್ನು ಲಿಲಿತಳ ಚಿತ್ರವೆಂದು ಅನೇಕ ಪುಸ್ತಕಗಳು ಇಂದಿಗೂ ಅಚ್ಚುಮಾಡುತ್ತವೆ. ಅದು ಇಶ್ತಾರಳದೋ ಪಾತಾಳದ ರಾಣಿಯಾದ ಎರೆಶ್ಕಿಗಲಳದೋ ಆಗಿರಬೇಕೆಂದು ಇಂದಿನ ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಸುಮೇರಿಯನ್ ಕಥೆಯೊಂದರಲ್ಲಿ ಹುಲುಪ್ಪು ಮರದ ನಡುವೆ ಮನೆಮಾಡಿಕೊಂಡಿದ್ದವಳನ್ನು ಕ್ರೇಮರ್ ಎಂಬ ಪಂಡಿತನು ೧೯೩೮ರಲ್ಲಿ ಲಿಲಿತ್ ಎಂದು ಗುರುತಿಸಿದ್ದೂ ವಿವಾದಕ್ಕೆ ಹೊರತಾಗಿಲ್ಲ. ಲಿಲಿತ್ ಮೊದಲು ಮಹಾದೇವಿಯಾಗಿದ್ದಳು, ಪುರುಷರು ಅವಳನ್ನು ಪಿಶಾಚಿಯಾಗಿಸಿದರು ಎಂಬ ಜನಪ್ರಿಯ ವಾದವು ಬಹುಮಟ್ಟಿಗೆ ಇಂಥ ಆಧಾರಗಳನ್ನೇ ನೆಚ್ಚಿಕೊಂಡಿರುವುದರಿಂದ ಅದನ್ನು ಒಪ್ಪುವುದು ಕಷ್ಟ.

ಬಾಬಿಲೋನಿಯದ ತಾಲ್ಮುದಿನಲ್ಲಿ ಲಿಲಿತಳ ಉಲ್ಲೇಖಗಳು ಕೆಲವೇ, ಅವೂ ಚಿಕ್ಕವು. ಅವಳಿಗೆ ಉದ್ದನೆಯ ಕೂದಲಿದೆ, ರೆಕ್ಕೆಗಳಿವೆ. ಮನೆಯಲ್ಲಿ ಒಬ್ಬನೇ ಮಲಗುವವನನ್ನು ಅವಳು ಹಿಡಿಯುತ್ತಾಳೆ. ಇವಳಿಗಿಂತ ಸ್ವಾರಸ್ಯವಾದವಳು ಅದೇ ಗ್ರಂಥದ ಅಗ್ರತ್, ಮಹ್ಲತಳ ಮಗಳು. ಇವಳು ೧,೮೦,೦೦೦ ನಾಶಕದೂತರ ಪರಿವಾರದೊಡನೆ ರಾತ್ರಿ ಸಂಚರಿಸುವವಳು. ಒಮ್ಮೆ ಹನಿನಾ ಬೆನ್ ದೋಸಾ ಎಂಬ ಸಾಧುವನ್ನು ಎದುರುಗೊಂಡಾಗ, ಸ್ವರ್ಗದಲ್ಲಿ ನಿನ್ನ ವಿಷಯವಾಗಿ ಎಚ್ಚರಿಕೆಯ ಘೋಷಣೆ ಆಗಿರದಿದ್ದರೆ ನಿನಗೆ ಕೇಡು ಮಾಡುತ್ತಿದ್ದೆನೆಂದು ಹೇಳುತ್ತಾಳೆ. ಸ್ವರ್ಗದಲ್ಲಿ ತನಗೆ ಅಷ್ಟು ಬೆಲೆಯಿದ್ದರೆ ನೀನು ಜನವಸತಿಯ ಕಡೆಗೆ ಎಂದೂ ಸುಳಿಯಕೂಡದೆಂದು ಅವನು ಆಜ್ಞಾಪಿಸುತ್ತಾನೆ. ಸ್ವಲ್ಪವಾದರೂ ಅವಕಾಶ ಕೊಡೆಂದು ಅವಳು ಬೇಡಿಕೊಂಡಾಗ ವಾರದಲ್ಲಿ ಎರಡು ರಾತ್ರಿಗಳನ್ನು ಅವಳಿಗೆ ಬಿಟ್ಟುಕೊಡುತ್ತಾನೆ. ಪಿಶಾಚಿಯೊಡನೆಯೂ ಕರಾರು ಮಾಡಿಕೊಳ್ಳಬಹುದು, ಅವಳ ಹಕ್ಕಿಗೂ ಒಂದು ಗಡಿಯನ್ನು ಗೊತ್ತುಪಡಿಸಬಹುದು ಎಂಬ ಈ ನ್ಯಾಯಾಲಯದ ಧೋರಣೆ ಯೆಹೂದ್ಯ ಪಿಶಾಚಕಥೆಗಳ ವಿಶಿಷ್ಟ ಲಕ್ಷಣ. ಮುಂದಿನ ವಿಷಯಕ್ಕೂ ಅದು ಬೇಕಾದುದು.

ಇರಾಕಿನ ನಿಪ್ಪುರದಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು ೧೯ನೆಯ ಶತಮಾನದ ಕೊನೆಯಲ್ಲಿ ನಡೆಸಿದ ಉತ್ಖನನದಲ್ಲಿ ಸಾಮಾನ್ಯ ಮಣ್ಣಿನ ಬಟ್ಟಲುಗಳು ಅನೇಕ ದೊರೆತವು. ಮನೆಗಳ ನೆಲದಲ್ಲಿ ಅವುಗಳನ್ನು ಬೋರಲಾಗಿ ಹೂಳಲಾಗಿತ್ತು. ಒಳಮೈಯಲ್ಲಿ ಮಸಿಯಿಂದ ಸುರುಳಿಸುರುಳಿಯಾಗಿ ಬರೆದ ಅರಮಾಯಿಕ್ ಮಂತ್ರ. ಕೆಲವದರ ನಡುವೆ ಸಂಕೋಲೆ ತೊಡಿಸಿದ ಪಿಶಾಚಿಯ ಒರಟು ಚಿತ್ರ. ಜೇಮ್ಸ್ ಮಾಂಟ್‌ಗೊಮರಿ ಇವುಗಳ ಪಾಠಗಳನ್ನು ೧೯೧೩ರಲ್ಲಿ ಪ್ರಕಟಿಸಿದನು. ಸುಮಾರು ಕ್ರಿ.ಶ. ೫ರಿಂದ ೭ನೆಯ ಶತಮಾನದವರೆಗಿನ ಈ ಬಟ್ಟಲುಗಳು ತಾಲ್ಮುದಿನ ಪಂಡಿತರ ಗೋಷ್ಠಿಗೆ ಹೊರಗಿನ ಗೃಹಸ್ಥರ, ಅದರಲ್ಲೂ ಹೆಂಗಸರ, ಭೀತಿಗಳನ್ನು ತಿಳಿಸುತ್ತವೆ. ಯಾರ ರಕ್ಷಣೆಗಾಗಿ ಬಟ್ಟಲನ್ನು ಬರೆಸಲಾಯಿತೋ ಅವರನ್ನು ತಾಯಿಯ ಹೆಸರಿನಿಂದ ಗುರುತಿಸಿರುವುದು ಇಲ್ಲಿನ ವಾಡಿಕೆ. ಲಿಲಿತರು ಮನುಷ್ಯರಿಗೆ ಗಂಡನಂತೆಯೋ ಹೆಂಡತಿಯಂತೆಯೋ ಅಂಟಿಕೊಂಡು ಮಕ್ಕಳನ್ನು ಕೊಲ್ಲುವರೆಂಬ ನಂಬಿಕೆಯಿದ್ದುದರಿಂದ ಅವರನ್ನು ತೊಲಗಿಸಲು ವಿವಾಹವಿಚ್ಛೇದನದ ಪತ್ರವೇ ತಕ್ಕ ಸಾಧನವೆಂದು ಮಂತ್ರಕಾರರು ಬಗೆದರು. ಆ ಪತ್ರಕ್ಕೆ ಹೀಬ್ರೂವಿನಲ್ಲಿ 'ಗೆಟ್' ಎಂದು ಹೆಸರು. ಯೆಹೋಶುವಾ ಬರ್ ಪೆರಹ್ಯಾ ಎಂಬ ಪುರಾತನ ಆಚಾರ್ಯನ ಹೆಸರಿನಲ್ಲಿ, ನ್ಯಾಯಾಲಯದ ಪರಿಭಾಷೆಯಲ್ಲಿಯೇ, ಲಿಲಿತಳಿಗೆ ಗೆಟ್ ಕೊಟ್ಟು ಮನೆಯಿಂದ ಹೊರಗೆ ಕಳುಹಿಸುವ ಪಾಠಗಳು ಹಲವು ಇವೆ. ಇವುಗಳಲ್ಲೊಂದನ್ನು ಮತ್ತೆ ನೆನೆಯಬೇಕಾಗುವುದು.

ಲಿಲಿತ್ ಆದಾಮನ ಮೊದಲ ಹೆಂಡತಿ ಎಂಬ ಪ್ರಸಿದ್ಧ ಕಥೆ ಇದುವರೆಗೆ ಎಲ್ಲಿಯೂ ಬಂದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಆದಿಕಾಂಡದಲ್ಲಿ ಸ್ತ್ರೀಯ ಸೃಷ್ಟಿಯನ್ನು ಎರಡು ಬಗೆಯಾಗಿ ಹೇಳಿದೆ. ಮೊದಲನೆಯ ಅಧ್ಯಾಯದಲ್ಲಿ ದೇವರು ಗಂಡುಹೆಣ್ಣುಗಳನ್ನು ಒಟ್ಟಿಗೆ ಸೃಷ್ಟಿಸುತ್ತಾನೆ. ಎರಡನೆಯದರಲ್ಲಿ ಆದಾಮನ ಪಕ್ಕೆಲುಬಿನಿಂದ ಸ್ತ್ರೀಯನ್ನು ನಿರ್ಮಿಸುತ್ತಾನೆ. ಹಾಗಾದರೆ ಮೊದಲನೆಯ ಹೆಣ್ಣು ಏನಾದಳು ಎಂಬ ಪ್ರಶ್ನೆ ವ್ಯಾಖ್ಯಾನಕಾರರನ್ನು ಕಾಡಿತು. ಅವಳು ಮರಳಿ ಮಣ್ಣಾದಳೆಂದು ಒಂದು ಪ್ರಾಚೀನ ಮಿದ್ರಾಶ್ ಉತ್ತರ ಹೇಳಿ ಸುಮ್ಮನಾಯಿತು. ಅವಳಿಗೆ ಹೆಸರು ಕೊಡಲಿಲ್ಲ. ಹೆಸರು ಕೊಟ್ಟದ್ದು 'ಬೆನ್ ಸೀರನ ವರ್ಣಮಾಲೆ' ಎಂಬ, ಸುಮಾರು ೮ರಿಂದ ೧೦ನೆಯ ಶತಮಾನದ ನಡುವೆ ಹುಟ್ಟಿದ ವಿಚಿತ್ರ ಗ್ರಂಥ.

ಅಲ್ಲಿ ನೆಬೂಕದ್ನೆಚ್ಚರ ರಾಜನ ಮಗುವಿಗೆ ಕಾಯಿಲೆ. ಬಾಲಪಂಡಿತನಾದ ಬೆನ್ ಸೀರನು ಮೂವರು ದೇವದೂತರ ಹೆಸರುಗಳನ್ನು ಬರೆದ ತಾಯಿತವನ್ನು ಮಾಡಿಕೊಡುತ್ತಾನೆ. ಇವರಾರೆಂದು ರಾಜನು ಕೇಳಿದುದಕ್ಕೆ ಉತ್ತರವಾಗಿ ಕಥೆ ಬರುತ್ತದೆ. ಆದಾಮನಂತೆಯೇ ಮಣ್ಣಿನಿಂದ ಹುಟ್ಟಿದ ಲಿಲಿತ್ ಸಂಗಕಾಲದಲ್ಲಿ ತಾನು ಕೆಳಗೆ ಮಲಗಲೊಲ್ಲೆನೆಂದು ಹಟ ಹಿಡಿಯುತ್ತಾಳೆ. ನಿನಗೆ ಕೆಳಗಿನ ಸ್ಥಾನವೇ ಯೋಗ್ಯವೆಂದು ಆದಾಮನ ವಾದ; ಇಬ್ಬರೂ ಒಂದೇ ಮಣ್ಣಿನವರಾದುದರಿಂದ ಇಬ್ಬರೂ ಸಮಾನರೆಂದು ಅವಳ ಪ್ರತಿವಾದ. ಜಗಳ ತೀರದಿರಲು ಅವಳು ಉಚ್ಚರಿಸಬಾರದ ದೈವನಾಮವನ್ನು ಉಚ್ಚರಿಸಿ ಆಕಾಶಕ್ಕೆ ಹಾರಿಹೋಗುತ್ತಾಳೆ. ಆದಾಮನು ದೂರು ಕೊಡುತ್ತಾನೆ. ಸೆನೋಯ್, ಸನ್ಸೆನೋಯ್, ಸೆಮಂಗೆಲೋಫ್ ಎಂಬ ದೂತರು ಅವಳನ್ನು ಸಮುದ್ರದ ನಡುವೆ ಕಂಡು, ಮರಳದಿದ್ದರೆ ದಿನವೂ ನಿನ್ನ ಮಕ್ಕಳಲ್ಲಿ ನೂರು ಸಾಯುವುವೆಂದು ಹೆದರಿಸುತ್ತಾರೆ. ಅವಳು ಅದನ್ನೂ ಒಪ್ಪಿಕೊಳ್ಳುತ್ತಾಳೆಯೇ ಹೊರತು ಮರಳುವುದಿಲ್ಲ. ಗಂಡುಕೂಸುಗಳ ಮೇಲೆ ಎಂಟು ದಿನಗಳವರೆಗೆ, ಹೆಣ್ಣುಕೂಸುಗಳ ಮೇಲೆ ಇಪ್ಪತ್ತು ದಿನಗಳವರೆಗೆ ತನಗೆ ಅಧಿಕಾರವುಂಟು, ಆದರೆ ಈ ಮೂವರ ಹೆಸರು ಕಂಡಲ್ಲಿ ಕೂಸನ್ನು ಮುಟ್ಟೆನು ಎಂದು ಕರಾರು ಮಾಡಿಕೊಳ್ಳುತ್ತಾಳೆ. ಎಂಟನೆಯ ದಿನ ಗಂಡುಮಗುವಿಗೆ ಸುನ್ನತಿಯಾಗುವ ದಿನ.

ಈ ಗ್ರಂಥವನ್ನು ಧರ್ಮಗ್ರಂಥವೆಂದು ತಿಳಿಯುವುದು ತಪ್ಪು. ಇದೇ ಪುಸ್ತಕದಲ್ಲಿ ರಾಜಕುಮಾರಿಯೊಬ್ಬಳ ವಾಯುಬಾಧೆಯನ್ನು ಬೆನ್ ಸೀರನು ವಾಸಿಮಾಡಿದ ಪ್ರಹಸನವೂ ಇದೆ. ಪೂಜ್ಯರನ್ನು ಗೇಲಿಮಾಡುವ ಪೋಲಿತನ ಇದರ ಉದ್ದಕ್ಕೂ ಹರಿದಿದ್ದು, ಇದನ್ನು ವಿಡಂಬನೆಯೆಂದೇ ಓದಬೇಕೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಹೀಗಿರಲು, ಸಮಾನತೆಯ ವಾದವನ್ನು ಲಿಲಿತಳ ಬಾಯಲ್ಲಿ ಇರಿಸಿದವನು ಅವಳನ್ನು ಹೊಗಳಲು ಇರಿಸಿದನೋ ಆದಾಮನನ್ನು ನಗೆಗೀಡುಮಾಡಲು ಇರಿಸಿದನೋ ನಿರ್ಣಯಿಸುವುದು ಸುಲಭವಲ್ಲ. ಆದರೆ ವಾದ ಮಾತ್ರ ತರ್ಕಶುದ್ಧವಾಗಿದೆ. ಆದಾಮನಿಂದ ಅದಕ್ಕೆ ಉತ್ತರ ಬರಲಿಲ್ಲ.

೧೩ನೆಯ ಶತಮಾನದಲ್ಲಿ ಸ್ಪೇನಿನ ರಹಸ್ಯವಾದಿಗಳು, ವಿಶೇಷವಾಗಿ 'ಜೋಹರ್' ಗ್ರಂಥದ ಕರ್ತೃಗಳು, ಅವಳನ್ನು ಸಮಾಯೇಲನ ಪತ್ನಿಯಾಗಿ, ದುಷ್ಟಲೋಕದ ರಾಣಿಯಾಗಿ ಮೇಲಕ್ಕೇರಿಸಿದರು. ಜನಸಾಮಾನ್ಯರಿಗಾದರೋ ಅವಳು ಬಾಣಂತಿಕೋಣೆಯ ಶತ್ರುವಾಗಿಯೇ ಉಳಿದಳು. ಜರ್ಮನಿಯ ಯೆಹೂದ್ಯರು ಬಾಣಂತಿಯಿರುವ ಕೋಣೆಯ ಗೋಡೆಗಳ ಮೇಲೆ ಇದ್ದಲಿನಿಂದ ವೃತ್ತವನ್ನೆಳೆದು, ಆದಾಮ ಹವ್ವರು ಒಳಗೆ, ಲಿಲಿತ್ ಹೊರಗೆ ಎಂಬರ್ಥದ ಮಾತನ್ನು ಬರೆಯುತ್ತಿದ್ದರೆಂದು ವೈಯಾಕರಣನಾದ ಎಲಿಯಾಹು ಲೆವಿತಾ ೧೫೪೧ರಲ್ಲಿ ಅಚ್ಚಾದ ತನ್ನ ನಿಘಂಟಿನಲ್ಲಿ ದಾಖಲಿಸಿದ್ದಾನೆ. ೧೭೦೧ರಲ್ಲಿ ಆಂಸ್ಟರ್‌ಡಾಮಿನಲ್ಲಿ ಅಚ್ಚಾದ 'ರಜಿಯೇಲನ ಗ್ರಂಥ'ದಲ್ಲಿ ಮೂವರು ದೂತರ ಚಿತ್ರಸಹಿತವಾದ ಯಂತ್ರವಿದೆ. ಕನ್ನಡ ವಾಚಕರಿಗೆ ಇಲ್ಲಿ ಪೂತನಿಯ ಮತ್ತು ಬಾಲಗ್ರಹಗಳ ನೆನಪಾಗುವುದು ಸಹಜ. ಆದರೆ ಕೂಸುಗಳು ಸಾಯುತ್ತಿದ್ದ ಎಲ್ಲ ನಾಡುಗಳಲ್ಲಿಯೂ ಇಂಥ ಕಲ್ಪನೆ ತಾನಾಗಿಯೇ ಹುಟ್ಟಬಲ್ಲದು. ಹೋಲಿಕೆಯಿಂದ ನಂಟಸ್ತಿಕೆಯನ್ನು ಊಹಿಸಬೇಕಾಗಿಲ್ಲ.

ಇಂಥವಳು ೧೯೭೦ರ ದಶಕದಲ್ಲಿ ಅಮೆರಿಕದ ಯೆಹೂದ್ಯ ಸ್ತ್ರೀವಾದಿಗಳ ನಾಯಕಿಯಾದಳು. ೧೯೭೨ರಲ್ಲಿ ಓಹೈಯೋ ರಾಜ್ಯದ ಗ್ರೇಲ್‌ವಿಲ್ ಎಂಬಲ್ಲಿ ಸ್ತ್ರೀಯರೂ ದೇವತಾಶಾಸ್ತ್ರವೂ ಎಂಬ ವಿಷಯವಾಗಿ ನಡೆದ ಸಮಾವೇಶದ ಫಲವಾಗಿ ಜೂಡಿತ್ ಪ್ಲಾಸ್ಕೊ ಒಂದು ಚಿಕ್ಕ ಕಥೆಯನ್ನು ಬರೆದರು. ಅದರಲ್ಲಿ ಹವ್ವಳು ತೋಟದ ಗೋಡೆಯಾಚೆ ಲಿಲಿತಳನ್ನು ಕಾಣುತ್ತಾಳೆ. ಅವಳು ಬಾಣಂತಿಯರನ್ನು ಕಾಡುವ, ತೊಟ್ಟಿಲಿನ ಕೂಸನ್ನು ಕದಿಯುವ ಪಿಶಾಚಿಯೆಂದು ಆದಾಮನು ಹೇಳಿದ್ದನು. ಹವ್ವಳಿಗೆ ಕಂಡದ್ದು ತನ್ನಂತೆಯೇ ಇರುವ ಒಬ್ಬ ಹೆಂಗಸು. ಸೇಬಿನ ಮರದ ಕೊಂಬೆಯನ್ನು ಹಿಡಿದು ಅವಳು ಗೋಡೆ ದಾಟುತ್ತಾಳೆ. ಇಬ್ಬರೂ ಬಹಳ ಹೊತ್ತು ಮಾತಾಡಿಕೊಂಡು ಗೆಳತಿಯರಾಗುತ್ತಾರೆ. ಇವರು ಜೊತೆಗೂಡಿ ಮರಳುವ ದಿನವನ್ನು ದೇವರೂ ಆದಾಮನೂ ಅಂಜಿಕೆಯಿಂದ ಎದುರುನೋಡುತ್ತಾರೆ. ೧೯೭೬ರಲ್ಲಿ ನ್ಯೂಯಾರ್ಕಿನಲ್ಲಿ 'ಲಿಲಿತ್' ಎಂಬ ಹೆಸರಿನ ತ್ರೈಮಾಸಿಕವೇ ಆರಂಭವಾಯಿತು. ಪಿಶಾಚಿಯ ಹೆಸರನ್ನು ಏಕೆ ಇಟ್ಟುಕೊಳ್ಳಬೇಕೆಂಬುದನ್ನು ಚರ್ಚಿಸಿ ಅವೀವಾ ಕ್ಯಾಂಟರ್ ಅದರ ಮೊದಲ ಸಂಚಿಕೆಯಲ್ಲಿಯೇ ಬರೆದರು. ೧೯೯೮ರಲ್ಲಿ ಲಿಲಿತಳನ್ನು ಕುರಿತು ಸ್ತ್ರೀಲೇಖಕಿಯರು ಬರೆದ ಕವಿತೆ, ಕಥೆ, ಪ್ರಬಂಧಗಳ ಒಂದು ಸಂಕಲನ ಹೊರಬಂದಿತು. ಯಾವ ಲಿಲಿತ್ ಎಂಬ ಪ್ರಶ್ನೆಯೇ ಅದರ ಶೀರ್ಷಿಕೆ.

ಆ ಪ್ರಶ್ನೆ ಯೋಗ್ಯವಾದುದು. ಪ್ಲಾಸ್ಕೊ ಅವರ ಕಥೆ ಹೊಸ ಮಿದ್ರಾಶ್ ಎಂಬ ದೃಷ್ಟಿಯಿಂದ ನಿರ್ದೋಷವಾದುದು. ಮೂಲದಲ್ಲಿರುವ ಸಂದಿಗಳನ್ನು ಹೊಸ ಕಥೆಯಿಂದ ತುಂಬುವುದು ಯೆಹೂದ್ಯ ಪಂಡಿತರು ಶತಮಾನಗಳಿಂದ ಮಾಡಿಕೊಂಡು ಬಂದ ಕೆಲಸವೇ. ಇಷ್ಟು ಕಾಲ ಅದನ್ನು ಗಂಡಸರು ಮಾತ್ರ ಮಾಡುತ್ತಿದ್ದರು. ಆದರೆ ಶಿಶುಹತ್ಯೆಯ ಆರೋಪವು ಕೇವಲ ಆದಾಮನ ಸುಳ್ಳು ಎಂಬ ಪರಿಹಾರ ಇತಿಹಾಸಕ್ಕೆ ಹೊಂದುವುದಿಲ್ಲ. ಲಿಲಿತಳಿಗೆ ಹೆದರಿದವರು ಮುಖ್ಯವಾಗಿ ಹೆಂಗಸರು. ಬಟ್ಟಲನ್ನು ಬರೆಸಿದವರಲ್ಲಿ, ಗೋಡೆಯ ವೃತ್ತದೊಳಗೆ ಮಲಗಿದವರಲ್ಲಿ, ಕೂಸು ಸತ್ತಾಗ ಅವಳನ್ನು ಶಪಿಸಿದವರಲ್ಲಿ ಅವರೇ ಇದ್ದರು. ಬೆನ್ ಸೀರನ ಒಂದು ವಾಕ್ಯದ ಪೂರ್ವಾರ್ಧವನ್ನು ತೆಗೆದುಕೊಂಡು ಉತ್ತರಾರ್ಧವನ್ನು ಪುರುಷರ ಪಿತೂರಿಯೆಂದು ಬಿಟ್ಟರೆ, ಯಾರ ಪರವಾಗಿ ಮಾತಾಡಬೇಕೆಂದು ಹೊರಟೆವೋ ಆ ತಾಯಂದಿರ ಸಂಕಟವೇ ಲೆಕ್ಕದಿಂದ ಬಿಟ್ಟುಹೋಗುವುದು.

ನಿಪ್ಪುರದ ಬಟ್ಟಲುಗಳು ಇನ್ನೊಂದು ದಾರಿಯನ್ನು ತೋರಿಸುತ್ತವೆ. ಧರ್ಮೋಪದೇಶಕಾಂಡದ ೨೪ನೆಯ ಅಧ್ಯಾಯದ ಆಧಾರದ ಮೇಲೆ ಯೆಹೂದ್ಯ ಶಾಸ್ತ್ರದಲ್ಲಿ ಗೆಟ್ ಬರೆದುಕೊಡುವ ಅಧಿಕಾರ ಗಂಡನದು ಮಾತ್ರ. ಸುಮಾರು ಕ್ರಿ.ಶ. ೧೦೦೦ದಲ್ಲಿ ರಬ್ಬಿ ಗೆರ್ಶೋಮನ ಹೆಸರಿನಲ್ಲಿ ಬಂದ ನಿಬಂಧನೆಯು ಹೆಂಡತಿಯನ್ನು ಅವಳ ಒಪ್ಪಿಗೆಯಿಲ್ಲದೆ ಬಿಡುವುದನ್ನು ತಡೆಯಿತು. ಆದರೆ ಅವಳಿಗೆ ತಾನೇ ಬಿಡುವ ಹಕ್ಕನ್ನು ಕೊಡಲಿಲ್ಲ. ಗಂಡನು ಗೆಟ್ ಕೊಡಲು ನಿರಾಕರಿಸಿದರೆ ಅವಳು ಮರುಮದುವೆಯಾಗುವಂತಿಲ್ಲ; ಅವಳನ್ನು 'ಅಗುನಾ', ಅಂದರೆ ಕಟ್ಟಿಹಾಕಲ್ಪಟ್ಟವಳು, ಎನ್ನುತ್ತಾರೆ. ಇಸ್ರೇಲಿನಲ್ಲಿ ಯೆಹೂದ್ಯರ ವಿವಾಹವಿಚ್ಛೇದನಗಳು ಇಂದಿಗೂ ರಬ್ಬಿಗಳ ನ್ಯಾಯಾಲಯಕ್ಕೆ ಸೇರಿದುವು. ಹಟಮಾರಿ ಗಂಡನ ವಾಹನಪರವಾನಿಗೆಯನ್ನು ತಡೆಹಿಡಿಯುವ, ಕೊನೆಗೆ ಅವನನ್ನು ಸೆರೆಮನೆಗೆ ಹಾಕುವ ಅಧಿಕಾರವನ್ನು ೧೯೯೫ರ ಕಾಯಿದೆ ಆ ನ್ಯಾಯಾಲಯಗಳಿಗೆ ಕೊಟ್ಟಿದ್ದರೂ, ಗೆಟ್ ಅವನ ಕೈಯಿಂದಲೇ ಬರಬೇಕು.

ಹೀಗಿರುವಾಗ ಮಾಂಟ್‌ಗೊಮರಿ ಪ್ರಕಟಿಸಿದ ೧೭ನೆಯ ಬಟ್ಟಲಿನ ಪಾಠವನ್ನು ನೋಡಬೇಕು. ಅಲ್ಲಿ ಮಹ್ಲಫ್ತಾಳ ಮಗಳಾದ ಕೋಮಿಶ್ ಎಂಬವಳು, ಗಂಡನ ಬಾಯಿಗೆ ಮೀಸಲಾದ ವಿಚ್ಛೇದನದ ಮಾತುಗಳನ್ನು ತಾನೇ ಪ್ರಥಮಪುರುಷದಲ್ಲಿ ಅಲ್ಲ, 'ನಾನು' ಎಂದೇ ಆಡಿ, ಲಿಲಿತಳನ್ನು ಮನೆಯಿಂದ ಬಿಡುಗಡೆ ಮಾಡಿ ಕಳುಹಿಸುತ್ತಾಳೆ. ಮನುಷ್ಯರ ನ್ಯಾಯಾಲಯದಲ್ಲಿ ಅವಳಿಗಿಲ್ಲದಿದ್ದ ಅಧಿಕಾರವನ್ನು ಪಿಶಾಚಿಯ ಎದುರಿಗೆ ಅವಳು ಚಲಾಯಿಸಿದಳು. ಬಟ್ಟಲನ್ನು ಬರೆದ ಲಿಪಿಕಾರನಿಗೆ ಇದರಲ್ಲಿ ಅಸಂಗತವಾದುದೇನೂ ಕಾಣಲಿಲ್ಲವೆಂದು ತೋರುತ್ತದೆ. ಆ ಪತ್ರವನ್ನು ಪಡೆದ ಲಿಲಿತಳಿಗಾದರೋ, ಬೆನ್ ಸೀರನ ಕಥೆಯ ಪ್ರಕಾರ ಆದಾಮನು ಗೆಟ್ ಬರೆದುಕೊಟ್ಟನೆಂಬ ಮಾತು ಎಲ್ಲಿಯೂ ಇಲ್ಲ.