ಹುಣ್ಣು ಕಣಕಾಲಲ್ಲಿ, ಕಾರಣ ತೊಡೆಸಂದಿನಲ್ಲಿ

ಕಣಕಾಲಿನ ಒಳಬದಿಯಲ್ಲಿ, ಮೂಳೆಯ ಗಂಟಿನ ತುಸು ಮೇಲೆ, ಕಪ್ಪಗಾದ ಚರ್ಮದ ನಡುವೆ ಒಂದು ಹುಣ್ಣು. ತಿಂಗಳುಗಟ್ಟಲೆ ಮುಲಾಮು ಹಚ್ಚಿದರೂ ಬ್ಯಾಂಡೇಜು ಬದಲಿಸಿದರೂ ಮಾಯುವುದಿಲ್ಲ. ಮಾಯ್ದಂತೆ ಕಂಡರೂ ಮತ್ತೆ ಒಡೆಯುತ್ತದೆ. ಸಕ್ಕರೆ ಕಾಯಿಲೆ ಇಲ್ಲದವರನ್ನೂ ಇದು ವರ್ಷಗಟ್ಟಲೆ ಕಾಡುತ್ತದೆ. ಕಾಲಿನ ಇಂಥ ಹಟಮಾರಿ ಹುಣ್ಣುಗಳಲ್ಲಿ ಹೆಚ್ಚಿನವುಗಳ ಮೂಲ ಹುಣ್ಣಿರುವ ಜಾಗದಲ್ಲಿಲ್ಲ. ಅನೇಕರಲ್ಲಿ ಅದು ಎರಡು-ಎರಡೂವರೆ ಅಡಿ ಮೇಲೆ, ತೊಡೆಸಂದಿನ ಬಳಿ ಕೆಟ್ಟುಹೋದ ಒಂದು ಪುಟ್ಟ ಕವಾಟದಲ್ಲಿರುತ್ತದೆ.

ಡಾಕ್ಟರು ವೆರಿಕೋಸ್ ವೇನ್ಸ್ ಎನ್ನುವ, ಮನೆಮಂದಿ 'ನರ ಗಂಟು ಕಟ್ಟಿದೆ' ಎನ್ನುವ ಈ ತೊಂದರೆಯನ್ನು ಬಹಳ ಜನ ಅಂದಗೆಡಿಸುವ ಸಂಗತಿಯೆಂದಷ್ಟೇ ತಿಳಿದು ಸೀರೆಯ ನೆರಿಗೆಯಲ್ಲೋ ಪ್ಯಾಂಟಿನ ಒಳಗೋ ಮುಚ್ಚಿಟ್ಟುಕೊಳ್ಳುತ್ತಾರೆ. ಆದರೆ ಕಣ್ಣಿಗೆ ಕಾಣುವ ಉಬ್ಬು ಬರಿಯ ಹೊರಗುರುತು. ನಿಜವಾದ ಕಾಯಿಲೆ ಒತ್ತಡದ್ದು.

ಹೃದಯದಿಂದ ಹೊರಟ ರಕ್ತ ಅಪಧಮನಿಗಳಲ್ಲಿ ಇಳಿದು ಪಾದ ತಲುಪುತ್ತದೆ. ಮರಳುವ ದಾರಿ ಅಭಿಧಮನಿಗಳದು, ಅದು ಪೂರ್ತಿ ಏರುದಾರಿ. ನಾವು ಕದಲದೆ ನಿಂತಾಗ ಪಾದದ ಅಭಿಧಮನಿಗಳಲ್ಲಿ ಒತ್ತಡ ಸುಮಾರು 80ರಿಂದ 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನಡೆಯತೊಡಗಿದರೆ ಕೆಲವೇ ಹೆಜ್ಜೆಗಳಲ್ಲಿ ಅದು 20-30ರ ಆಸುಪಾಸಿಗೆ ಇಳಿಯುತ್ತದೆ. ಇಳಿಸುವುದು ಮೀನಖಂಡದ ಸ್ನಾಯುಗಳು. ಪ್ರತಿ ಹೆಜ್ಜೆಗೂ ಅವು ಬಿಗಿದು, ತಮ್ಮ ನಡುವೆ ಹಾಯುವ ಆಳದ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ದಬ್ಬುತ್ತವೆ. ಮೇಲೇರಿದ ರಕ್ತ ಜಾರಿ ಕೆಳಗಿಳಿಯದಂತೆ ತಡೆಯಲು ನಾಳದ ಉದ್ದಕ್ಕೂ ಎರಡೆರಡು ಎಸಳಿನ ಕವಾಟಗಳಿವೆ.

ಈ ಕವಾಟಗಳನ್ನು ವಿವರವಾಗಿ ಚಿತ್ರಿಸಿ 1603ರಲ್ಲಿ ಪುಸ್ತಕ ತಂದವರು ಇಟಲಿಯ ಪಡುವಾ ವಿಶ್ವವಿದ್ಯಾಲಯದ ಫ್ಯಾಬ್ರಿಸಿಯಸ್. ರಕ್ತ ಕೈಕಾಲಿನ ತುದಿಗೆ ರಭಸದಿಂದ ಇಳಿದು ಮಡುಗಟ್ಟದಂತೆ ಕವಾಟಗಳು ತಡೆಯುತ್ತವೆ ಎಂದು ಅವರು ಭಾವಿಸಿದ್ದರು. ಅವರ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ಸರಿಯಾದ ಉತ್ತರ ಕೊಟ್ಟರು: ಅಭಿಧಮನಿಯ ರಕ್ತ ಹೃದಯದತ್ತ ಮಾತ್ರ ಸಾಗಬೇಕು, ಕವಾಟ ಇರುವುದು ಅದಕ್ಕೆ. ಅವರ ಪ್ರಯೋಗವನ್ನು ಈಗಲೂ ಮಾಡಿ ನೋಡಬಹುದು. ಮುಂಗೈಯಲ್ಲಿ ಉಬ್ಬಿ ಕಾಣುವ ಒಂದು ನಾಳವನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅದರೊಳಗಿನ ರಕ್ತವನ್ನು ಮೊಣಕೈ ಕಡೆಗೆ ಸವರಿ ಖಾಲಿ ಮಾಡಿ, ಆ ಎರಡನೆಯ ಬೆರಳು ತೆಗೆಯಿರಿ. ನಡುವೆ ಕವಾಟವಿದ್ದರೆ ಮೇಲಿನ ರಕ್ತ ಹಿಂದಕ್ಕೆ ಬರುವುದಿಲ್ಲ. ಮೊದಲ ಬೆರಳು ಎತ್ತಿದ ಮೇಲೇ ನಾಳ ತುಂಬುತ್ತದೆ.

ಕಾಲಿನಲ್ಲಿ ಅಭಿಧಮನಿಗಳು ಎರಡು ಪದರದಲ್ಲಿವೆ. ರಕ್ತದ ಬಹುಪಾಲನ್ನು ಹೊರುವುದು ಸ್ನಾಯುಗಳ ನಡುವಿನ ಆಳದ ನಾಳಗಳು. ಚರ್ಮದ ಕೆಳಗಿನವು ಮೇಲ್ಪದರದವು. ಅವುಗಳಲ್ಲಿ ದೊಡ್ಡದು ಗ್ರೇಟ್ ಸ್ಯಾಫೀನಸ್, ನಮ್ಮ ಮೈಯ ಅತಿ ಉದ್ದದ ಅಭಿಧಮನಿ. ಅದು ಕಣಕಾಲಿನ ಒಳಬದಿಯಿಂದ ಹೊರಟು ತೊಡೆಸಂದಿನಲ್ಲಿ ಆಳದ ನಾಳವನ್ನು ಸೇರುತ್ತದೆ. ಆ ಕೂಡುಜಾಗದ ಕವಾಟ ಸಡಿಲವಾದರೆ ಏನಾಗುತ್ತದೆಂದು ತೆರೆದ ಬಾವಿಗೆ ಪಂಪ್‌ಸೆಟ್ ಇಟ್ಟ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಫುಟ್‌ವಾಲ್ವ್ ಸೋರಿದರೆ ಪೈಪಿನ ನೀರೆಲ್ಲ ಬಾವಿಗೇ ವಾಪಸ್. ಇಲ್ಲಿ ರಕ್ತ ಕೆಳಗಿಳಿದು ನಾಳವನ್ನು ಹಿಗ್ಗಿಸುತ್ತದೆ. ನಾಳ ಹಿಗ್ಗಿದಾಗ ಮುಂದಿನ ಕವಾಟದ ಎಸಳುಗಳು ಒಂದಕ್ಕೊಂದು ತಾಗದೆ ಅದೂ ಸೋರುತ್ತದೆ. ಹೀಗೆ ನಾಳದ ಉದ್ದಕ್ಕೂ ಕೆಡುಕು ಹರಡುತ್ತದೆ.

ಯಾರಿಗೆ ಬರುತ್ತದೆ? ತಂದೆ-ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ವಯಸ್ಸಾದಂತೆ, ತೂಕ ಏರಿದಂತೆ ಹೆಚ್ಚು. ಗಂಟೆಗಟ್ಟಲೆ ನಿಂತು ದುಡಿಯುವವರಿಗೆ ಹೆಚ್ಚು. ಬಸುರಿಯಲ್ಲಿ ರಕ್ತದ ಪ್ರಮಾಣ ಏರುತ್ತದೆ, ಹಾರ್ಮೋನುಗಳು ನಾಳದ ಗೋಡೆಯನ್ನು ಸಡಿಲಿಸುತ್ತವೆ, ಬೆಳೆಯುವ ಗರ್ಭಕೋಶ ಕಿಬ್ಬೊಟ್ಟೆಯ ಅಭಿಧಮನಿಗಳನ್ನು ಒತ್ತುತ್ತದೆ. ಆಗ ಎದ್ದ ಉಬ್ಬುಗಳು ಹೆರಿಗೆಯಾದ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ಆದ್ದರಿಂದ ಆ ಹೊತ್ತಿನಲ್ಲಿ ಆಪರೇಷನ್ನಿಗೆ ಅವಸರ ಬೇಡ.

ಮೊದಲ ಸೂಚನೆ ಸಂಜೆಯ ಹೊತ್ತಿನ ಕಾಲುಭಾರ. ಜೊತೆಗೆ ಕಣಕಾಲಿನ ಊತ, ನವೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು. ಚರ್ಮದಲ್ಲಿ ಕೆಂಪು-ನೀಲಿ ಎಳೆಗಳಂತೆ ಕಾಣುವ, 1 ಮಿಲಿಮೀಟರಿಗಿಂತ ಸಣ್ಣ ನಾಳಗಳಿಂದ ಸಾಮಾನ್ಯವಾಗಿ ಅಪಾಯವಿಲ್ಲ. ನಿಂತಾಗ 3 ಮಿಲಿಮೀಟರ್ ಅಥವಾ ಹೆಚ್ಚು ಹಿಗ್ಗಿದ ನಾಳವೇ ವೆರಿಕೋಸ್. ಒತ್ತಡ ಹಾಗೇ ಉಳಿದರೆ ಸೂಕ್ಷ್ಮ ನಾಳಗಳಿಂದ ಕೆಂಪು ರಕ್ತಕಣಗಳು ಹೊರಕ್ಕೆ ಒಸರುತ್ತವೆ. ಅವುಗಳ ಕಬ್ಬಿಣದ ಅಂಶ ಉಳಿದು ಚರ್ಮ ಕಂದಾಗುತ್ತದೆ, ಆಮೇಲೆ ಗಡುಸಾಗುತ್ತದೆ, ಕೊನೆಗೆ ಸಣ್ಣದೊಂದು ತರಚಿದ ಗಾಯವೂ ಹುಣ್ಣಾಗಿ ನಿಲ್ಲುತ್ತದೆ. ಉಬ್ಬು ದೊಡ್ಡದಿದ್ದ ಮಾತ್ರಕ್ಕೆ ಕಾಯಿಲೆ ದೊಡ್ಡದು ಎನ್ನುವಂತಿಲ್ಲ. ಉಬ್ಬೇ ಕಾಣದ ಕಾಲಲ್ಲಿ ಚರ್ಮ ಕಪ್ಪಾಗಿದ್ದರೆ ಅದು ಹೆಚ್ಚು ಗಂಭೀರ.

ಎರಡು ಸಂದರ್ಭಗಳಲ್ಲಿ ತಡ ಮಾಡಬಾರದು. ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ಕೂಡಲೇ ಅಂಗಾತ ಮಲಗಿಸಿ, ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ, ಶುದ್ಧ ಬಟ್ಟೆಯಿಂದ ಆ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಒಯ್ಯಬೇಕು. ತೊಡೆಗೆ ಹಗ್ಗ ಬಿಗಿದರೆ ರಕ್ತಸ್ರಾವ ಹೆಚ್ಚಬಹುದು. ಇನ್ನೊಂದು, ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುವುದು. ಅದು ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ಅಂಥ ಕಾಲನ್ನು ತಿಕ್ಕಬಾರದು. ಉಸಿರಾಟವೂ ಕಷ್ಟವಾದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು, ಅದು ತುರ್ತು ಪರಿಸ್ಥಿತಿ.

ಪತ್ತೆ ಈಗ ಸುಲಭ. ರೋಗಿಯನ್ನು ನಿಲ್ಲಿಸಿ ಡಾಪ್ಲರ್ ಸ್ಕ್ಯಾನ್ ಮಾಡಿದರೆ ಯಾವ ಕವಾಟ ಸೋರುತ್ತಿದೆ, ಆಳದ ನಾಳಗಳು ತೆರೆದಿವೆಯೇ ಎಂಬುದು ನೋವಿಲ್ಲದೆ ತಿಳಿಯುತ್ತದೆ. ಮೇಲ್ಪದರದ ನಾಳದಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ರಕ್ತ ಹಿಮ್ಮುಖವಾಗಿ ಹರಿದರೆ ಕವಾಟ ಕೆಟ್ಟಿದೆ ಎಂದರ್ಥ.

ಚಿಕಿತ್ಸೆಯ ಮೊದಲ ಮೆಟ್ಟಿಲು ಒತ್ತುಪಟ್ಟಿ ಅಥವಾ ಕಂಪ್ರೆಷನ್ ಸ್ಟಾಕಿಂಗ್ಸ್. ಬೆಳಿಗ್ಗೆ ಏಳುವ ಮೊದಲೇ, ಊತ ಇಲ್ಲದಾಗ ಧರಿಸಿ, ರಾತ್ರಿ ಮಲಗುವಾಗ ತೆಗೆಯಬೇಕು. ನಮ್ಮ ಬೇಸಿಗೆಯಲ್ಲಿ ಅದು ನಿಜಕ್ಕೂ ಹಿಂಸೆಯೇ, ಆದರೂ ಊತ, ಭಾರ ಕಡಿಮೆಯಾಗುತ್ತವೆ. ಕೆಟ್ಟ ಕವಾಟವನ್ನು ಮಾತ್ರ ಅದು ಸರಿಪಡಿಸದು. ಸಕ್ಕರೆ ಕಾಯಿಲೆಯವರು, ಬೀಡಿ-ಸಿಗರೇಟು ಸೇದುವವರು ಪಾದದ ನಾಡಿ ಪರೀಕ್ಷೆ ಮಾಡಿಸದೆ ಬಿಗಿಯಾದ ಸ್ಟಾಕಿಂಗ್ಸ್ ಹಾಕಬಾರದು. ಅಪಧಮನಿ ಕಿರಿದಾಗಿದ್ದರೆ ಕಾಲಿಗೆ ರಕ್ತವೇ ಸಾಲದಾಗುತ್ತದೆ.

ಸೋರುವ ನಾಳವನ್ನೇ ಮುಚ್ಚುವುದು ಮುಂದಿನ ದಾರಿ. 1890ರ ಸುಮಾರಿಗೆ ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ ಸ್ಯಾಫೀನಸ್ ನಾಳವನ್ನು ಕಟ್ಟಿಹಾಕುವ ವಿಧಾನ ತಂದರು. ಆಮೇಲೆ ನಾಳವನ್ನೇ ಕಿತ್ತು ತೆಗೆಯುವ ಆಪರೇಷನ್ ದಶಕಗಳ ಕಾಲ ನಡೆಯಿತು. ಈಗ ಹೆಚ್ಚಾಗಿ ಸೂಜಿಯ ರಂಧ್ರದಿಂದ ತೆಳು ನಳಿಕೆ ತೂರಿಸಿ, ಲೇಸರ್ ಅಥವಾ ರೇಡಿಯೊ ತರಂಗದ ಶಾಖದಿಂದ ನಾಳವನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು, ಬಹುತೇಕರು ಅದೇ ದಿನ ನಡೆದಾಡುತ್ತಾರೆ. ನೊರೆಯಂಥ ಔಷಧ ಚುಚ್ಚಿ ನಾಳ ಮುಚ್ಚುವುದೂ, ವೈದ್ಯಕೀಯ ಅಂಟಿನಿಂದ ಮುಚ್ಚುವುದೂ ಉಂಟು. ಒಂದು ನಾಳ ಮುಚ್ಚಿದರೆ ರಕ್ತ ಹೋಗುವುದೆಲ್ಲಿಗೆ ಎಂಬ ಭಯ ಸಹಜ. ಆಳದ ನಾಳಗಳು ಚೆನ್ನಾಗಿದ್ದರೆ ಅವೇ ಆ ಹೊರೆಯನ್ನು ಹೊರುತ್ತವೆ. ಮುಂದೆ ಬೇರೆ ನಾಳ ಉಬ್ಬುವ ಸಾಧ್ಯತೆ ಇದ್ದೇ ಇದೆ, ಆದ್ದರಿಂದ ಚಿಕಿತ್ಸೆಯ ನಂತರವೂ ಕಾಲಿನ ಮೇಲೆ ಗಮನವಿರಲಿ.

ಹುಣ್ಣು ಮಾಯಲಿ, ಆಮೇಲೆ ನಾಳ ನೋಡೋಣ ಎಂಬುದು ಹಳೆಯ ರೂಢಿ. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ಬದಲಿಸಿತು. ಎಲ್ಲರಿಗೂ ಒತ್ತುಪಟ್ಟಿ ಕಟ್ಟಿದ್ದರೂ, ನಾಳವನ್ನು ಬೇಗ ಮುಚ್ಚಿಸಿಕೊಂಡವರಲ್ಲಿ ಅರ್ಧದಷ್ಟು ಮಂದಿಯ ಹುಣ್ಣು ಮಾಯಲು 56 ದಿನ ಸಾಕಾಯಿತು. ತಡವಾಗಿ ಮಾಡಿಸಿಕೊಂಡವರಿಗೆ 82 ದಿನ ಬೇಕಾಯಿತು.

ಅನುವಂಶೀಯತೆಯನ್ನೂ ವಯಸ್ಸನ್ನೂ ಬದಲಿಸಲಾಗದು. ಮೀನಖಂಡವನ್ನು ದುಡಿಸಬಹುದು. ದಿನವೂ ನಡೆಯುವುದು, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು, ಕೂತಲ್ಲೇ ಪಾದ ಆಡಿಸುವುದು, ಸಂಜೆ ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕಿಟ್ಟು ಸ್ವಲ್ಪ ಹೊತ್ತು ಮಲಗುವುದು, ತೂಕ ಹಿಡಿತದಲ್ಲಿಡುವುದು, ಇವೆಲ್ಲ ಒತ್ತಡ ಇಳಿಸುತ್ತವೆ. ಎಣ್ಣೆ ತಿಕ್ಕಿದರೆ ಹಾಯೆನಿಸಬಹುದು, ಕವಾಟ ಸರಿಹೋಗದು.

ಆದರೆ ಈ ಸಲಹೆಯೆಲ್ಲ ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಗೆ, ಹೋಟೆಲಿನ ಅಡಿಗೆಯವರಿಗೆ, ಚೌಕದಲ್ಲಿ ನಿಲ್ಲುವ ಸಂಚಾರ ಪೊಲೀಸರಿಗೆ ಎಷ್ಟರ ಮಟ್ಟಿಗೆ ಸಿಗುತ್ತದೆ? ನಿಂತು ದುಡಿಯುವವರಿಗೆ ಬಿಡುವಾದಾಗ ಕೂರಲು ಆಸನವಿರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮೇ ಹೇಳಿತ್ತು. ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ವರ್ಷಗಳ ಕಾಲ ಹೋರಾಡಿದ ಮೇಲೆ ಕೇರಳ 2018ರಲ್ಲಿ ಅಂಗಡಿ ನೌಕರರಿಗೂ ಕೂರುವ ಹಕ್ಕು ಕೊಟ್ಟಿತು. ತಮಿಳುನಾಡು 2021ರಲ್ಲಿ ಅದೇ ಹೆಜ್ಜೆ ಇಟ್ಟಿತು. ಕಾನೂನಿನ ದಾರಿ ಕಾಯದೆಯೇ ನಮ್ಮ ಅಂಗಡಿ, ಹೋಟೆಲು, ಶಾಲೆಗಳಲ್ಲಿ ಇದನ್ನು ಶುರು ಮಾಡಬಹುದು. ಒಂದು ಲೇಸರ್ ಚಿಕಿತ್ಸೆಯ ಬಿಲ್ಲಿನಲ್ಲಿ ಎಷ್ಟೋ ಸ್ಟೂಲುಗಳು ಬರುತ್ತವೆ. ಗಂಟೆಗೊಮ್ಮೆ ಐದು ನಿಮಿಷ ಕೂರಲು, ನಾಲ್ಕು ಹೆಜ್ಜೆ ಓಡಾಡಲು ಬಿಟ್ಟರೆ ಮಾಲೀಕರ ವ್ಯಾಪಾರ ನಿಲ್ಲುವುದಿಲ್ಲ, ದುಡಿಯುವವರ ಕಾಲು ಉಳಿಯುತ್ತದೆ.