'ಬೇಸಿಗೇಲಿ ಗಾಳಿ ಕಮ್ಮಿ ಇರ್ಲಿ' ಅಂದಿದ್ರು ಅಪ್ಪ

ನಮ್ಮ ಮನೆಯ ಕಾರು ನನಗಿಂತ ಆರು ವರ್ಷ ಚಿಕ್ಕದು. ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಾಗ ನಾನು ಏಳನೇ ಕ್ಲಾಸು. ಈಗ ಅದು 1,63,000 ಕಿ.ಮೀ. ಓಡಿದೆ. 'ಇದನ್ನ ಮಾರಿ ಹೊಸದು ತಗೊಳ್ಳೋಣ' ಎಂದು ತಮ್ಮ ರಾಗ ಎಳೆದಾಗಲೆಲ್ಲ ಅಪ್ಪನದು ಒಂದೇ ಉತ್ತರ: 'ಮೊದಲು ನಿಮ್ಮಕ್ಕನ ಬಿಇ ಮುಗೀಲಿ.' ಅಂದರೆ ಆ ಕಾರು ಇನ್ನೂ ಎರಡು ವರ್ಷ ಓಡಲೇಬೇಕು.

ಕಳೆದ ಏಪ್ರಿಲ್‌ನಲ್ಲಿ ಅತ್ತೆಯ ಮನೆಯ ಗೃಹಪ್ರವೇಶಕ್ಕೆಂದು ದಾವಣಗೆರೆಯಿಂದ ತುಮಕೂರಿಗೆ ಹೊರಟಿದ್ದೆವು. ಅಪ್ಪ, ಅಮ್ಮ, ಅಜ್ಜಿ, ತಮ್ಮ, ನಾನು, ಜೊತೆಗೆ ಡಿಕ್ಕಿ ತುಂಬಾ ಲಗೇಜು. ಚಿತ್ರದುರ್ಗದ ಬಳಿ ಪೆಟ್ರೋಲ್ ಹಾಕಿಸಿ ಗಾಳಿ ಚೆಕ್ ಮಾಡಿಸಿದರೆ ಮೀಟರ್ 34 ತೋರಿಸಿತು. ನಮ್ಮ ಕಾರಿಗೆ 30 ಪಿಎಸ್‌ಐ ಎಂಬುದು ಅಪ್ಪನಿಗೆ ಬಾಯಿಪಾಠ. 'ನಾಲ್ಕು ತೆಗೆದುಬಿಡಪ್ಪ. ಬೇಸಿಗೇಲಿ ಗಾಳಿ ಕಮ್ಮಿ ಇರ್ಲಿ, ಇಲ್ದಿದ್ರೆ ಟೈರ್ ಒಡೆಯುತ್ತೆ' ಎಂದರು. ಥರ್ಮೊಡೈನಾಮಿಕ್ಸ್‌ನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಿದ್ದ ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದೆ.

ಹಿರಿಯೂರು ದಾಟಿದ ಸ್ವಲ್ಪ ಹೊತ್ತಿಗೆ ಹಿಂದಿನ ಎಡಗಡೆ ಟೈರ್ 'ಢಬ್' ಎಂದಿತು. ಕಾರು ಎಡಕ್ಕೆ, ಬಲಕ್ಕೆ ವಾಲಾಡಿತು. ಅಪ್ಪ ಬ್ರೇಕ್ ಒತ್ತದೆ, ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಮೇಲಿನ ಕಾಲನ್ನು ನಿಧಾನವಾಗಿ ತೆಗೆದರು. ಅದರಿಂದಲೇ ನಾವೆಲ್ಲ ಬಚಾವಾದೆವು. ಹಿಂದೆ ಬರುತ್ತಿದ್ದ ಲಾರಿ ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹಾದುಹೋದಾಗ ಅಜ್ಜಿ ನನ್ನ ಕೈ ಹಿಡಿದವರು ಕಾರು ನಿಂತ ಮೇಲೂ ಬಿಡಲಿಲ್ಲ.

ಡಿಕ್ಕಿಯಿಂದ ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿ ಇಲ್ಲ! ವರ್ಷಗಟ್ಟಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಎರಡೂ ಟೈರುಗಳನ್ನು ಆಟೊದಲ್ಲಿ ಹಾಕಿಕೊಂಡು ಅಪ್ಪ, ನಾನು ಪಂಕ್ಚರ್ ಅಂಗಡಿಗೆ ಹೋದೆವು. ಅಂಗಡಿಯವರು ಒಡೆದ ಟೈರ್ ಬಿಚ್ಚಿ ಒಳಗೆ ಕೈಯಾಡಿಸಿದರು. ಕೈತುಂಬಾ ಕಪ್ಪು ರಬ್ಬರ್ ಪುಡಿ. 'ಇದು ಗಾಳಿ ಜಾಸ್ತಿಯಾಗಿ ಒಡೆದಿದ್ದಲ್ಲ ಸಾರ್. ಕಮ್ಮಿ ಗಾಳೀಲಿ ಓಡಿಸಿ ಓಡಿಸಿ ಸವೆದುಹೋಗಿರೋದು' ಎಂದರು. ಟೈರಿನ ನಡುಭಾಗದಲ್ಲಿ ಗುಂಡಿ ಇನ್ನೂ ಚೆನ್ನಾಗಿತ್ತು, ಎರಡೂ ಅಂಚು ಬೋಳಾಗಿದ್ದವು. ನನಗೆ ನಾಚಿಕೆಯಾಯಿತು.

ಆ ರಾತ್ರಿ ಅತ್ತೆಯ ಮನೆಯಲ್ಲಿ ಕುಳಿತು ಲೆಕ್ಕ ಹಾಕಿದೆ. ಸ್ಟಿಕರ್‌ನಲ್ಲಿರುವ 30 ಎಂಬುದು ತಣ್ಣಗಿರುವ ಟೈರಿನ ಲೆಕ್ಕ. ಅಂದರೆ ಕಾರು ಕನಿಷ್ಠ ಮೂರು ತಾಸು ನಿಂತಿರಬೇಕು. ಬೆಳಿಗ್ಗೆ 25 ಡಿಗ್ರಿ ಇದ್ದ ಟೈರ್ ಹೈವೇಯಲ್ಲಿ ಓಡಿ 55 ಡಿಗ್ರಿ ಆಯಿತೆನ್ನಿ. ಪಿಯುಸಿಯಲ್ಲಿ ಓದಿದ ಅನಿಲ ನಿಯಮದ ಪ್ರಕಾರ ಒತ್ತಡವೂ ಏರಬೇಕು. ಆದರೆ ಮೀಟರ್ ವಾತಾವರಣದ ಒತ್ತಡವನ್ನು ಬಿಟ್ಟು ತೋರಿಸುತ್ತದೆ. ಹಾಗಾಗಿ 30ಕ್ಕೆ ಸುಮಾರು 14 ಸೇರಿಸಿ, ತಾಪವನ್ನು ಕೆಲ್ವಿನ್‌ಗೆ ಬದಲಿಸಿ ಲೆಕ್ಕ ಮಾಡಬೇಕು. ಉತ್ತರ 34 ದಾಟುತ್ತದೆ. ಬಂಕಿನ ಮೀಟರ್ ತೋರಿಸಿದ್ದೂ ಅದನ್ನೇ! ನಮ್ಮ ಟೈರುಗಳಲ್ಲಿ ಗಾಳಿ ಸರಿಯಾಗಿಯೇ ಇತ್ತು. ನಾವು ತೆಗೆಸಿದ ನಾಲ್ಕು ಪಿಎಸ್‌ಐ ಎಂದರೆ, ತಣ್ಣಗಾದಾಗ ಅದು ಬರೀ 26.

ಹೀಗೆ ಎಷ್ಟು ಬೇಸಿಗೆ ತೆಗೆಸಿದ್ದೆವೋ! ಗಾಳಿ ಕಡಿಮೆಯಾದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತದೆ. ಒಂದು ಕಿಲೋಮೀಟರಿಗೆ 500ಕ್ಕೂ ಹೆಚ್ಚು ಸುತ್ತು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವುದಿಲ್ಲವೇ, ಹಾಗೇ. ಬಿಸಿಯಿಂದ ಟೈರ್ ಉಳಿಸಲು ಹೋಗಿ ನಾವೇ ಅದನ್ನು ಇನ್ನಷ್ಟು ಬಿಸಿ ಮಾಡಿದ್ದೆವು. ಅದರ ಮೇಲೆ ಐದು ಜನ, ಲಗೇಜು. ಪೂರ್ತಿ ಲೋಡ್ ಇದ್ದಾಗ ಹಿಂದಿನ ಟೈರಿಗೆ 33 ಎಂದು ಅದೇ ಸ್ಟಿಕರ್‌ನ ಕೆಳಗಿನ ಸಾಲಿನಲ್ಲಿತ್ತು. ನಾವ್ಯಾರೂ ಅದನ್ನು ಓದಿರಲಿಲ್ಲ.

ಹಾಗಂತ ಜಾಸ್ತಿ ಹಾಕಿಸುವುದೂ ಸರಿಯಲ್ಲ. ಟೈರಿನ ಮೇಲೆ 44 ಎಂದಿದೆ ಎಂದು ನನ್ನ ಕ್ಲಾಸ್‌ಮೇಟ್ ಒಬ್ಬ ಅಷ್ಟೂ ತುಂಬಿಸುತ್ತಿದ್ದ. ಅದು ಆ ಟೈರ್ ತಡೆಯಬಲ್ಲ ಗರಿಷ್ಠ ಒತ್ತಡ, ಕಾರಿಗೆ ಬೇಕಾದದ್ದಲ್ಲ. ಅಷ್ಟು ಗಾಳಿ ಇದ್ದರೆ ನಡುಭಾಗ ಬೇಗ ಸವೆಯುತ್ತದೆ, ಮಳೆಯಲ್ಲಿ ಹಿಡಿತವೂ ಕಡಿಮೆ. ನಮಗೆ ಬೇಕಾದ ಅಂಕಿ ಇರುವುದು ಡ್ರೈವರ್ ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ಅಥವಾ ಕಾರಿನ ಜೊತೆ ಬಂದ ಪುಸ್ತಕದಲ್ಲಿ.

ಟೈರಿಗೂ ವಯಸ್ಸಿದೆ ಎಂದು ತಿಳಿದದ್ದೂ ಅಂದೇ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ನೋಡಿ. ನಮ್ಮದರ ಮೇಲೆ 3117 ಎಂದಿತ್ತು, ಅಂದರೆ 2017ರ 31ನೇ ವಾರದಲ್ಲಿ ತಯಾರಾದದ್ದು. ಗುಂಡಿ ಉಳಿದಿದ್ದರೂ ರಬ್ಬರ್ ಮುದಿಯಾಗುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ತಿಳಿದವರಿಗೆ ತೋರಿಸಬೇಕು.

ಊರಿಗೆ ಬಂದ ಮೇಲೆ ಒಂದು ಪ್ರೆಶರ್ ಗೇಜ್ ಕೊಂಡೆ. ಎರಡು ಸಿನಿಮಾ ಟಿಕೆಟ್ ದುಡ್ಡು ಅಷ್ಟೇ. ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ, ಕಾರು ತೆಗೆಯುವ ಮೊದಲು, ಸ್ಟೆಪ್ನಿ ಸೇರಿ ಐದೂ ಟೈರ್ ನೋಡುತ್ತೇವೆ. ಬಿಸಿ ಟೈರಿನಿಂದ ಗಾಳಿ ತೆಗೆಸುವುದಿಲ್ಲ. ಇಷ್ಟು ಓಡಿದ ಎಂಜಿನ್ ಆಯಿಲ್ ಕುಡಿಯುತ್ತದೆ, ಹಾಗಾಗಿ ಡಿಪ್‌ಸ್ಟಿಕ್ ಎಳೆದು ಅದನ್ನೂ ನೋಡುತ್ತೇವೆ. ಕೂಲಂಟ್ ಎರಡು ಗೆರೆಗಳ ನಡುವೆ ಇದೆಯೇ, ಪಾರ್ಕಿಂಗ್ ಜಾಗದಲ್ಲಿ ಆಯಿಲ್ ಕಲೆ ಇದೆಯೇ ಎಂದು ಗಮನಿಸುತ್ತೇವೆ. ಎಲ್ಲವನ್ನೂ ನನ್ನ ಹಳೆ ಲ್ಯಾಬ್ ರೆಕಾರ್ಡ್‌ನ ಖಾಲಿ ಹಾಳೆಗಳಲ್ಲಿ ಬರೆದಿಡುತ್ತೇವೆ. ಎಲ್ಲಾ ಸೇರಿ ಕಾಲು ಗಂಟೆ ಕೆಲಸ. ಆಯಿಲ್ ಪ್ರತಿ ಸಲ ಎಷ್ಟು ಇಳಿಯುತ್ತಿದೆ ಎಂದು ಪುಸ್ತಕ ತೋರಿಸುವುದರಿಂದ ಮೆಕ್ಯಾನಿಕ್ ಹತ್ತಿರ ಹೋದಾಗ ಸುಮ್ಮನೆ ತಲೆಯಾಡಿಸಬೇಕಿಲ್ಲ.

ಈಗ ನಾನು ಹಾಸ್ಟೆಲ್‌ನಲ್ಲಿದ್ದೇನೆ. ಮೊನ್ನೆ ಭಾನುವಾರ ಬೆಳಿಗ್ಗೆ ಏಳಕ್ಕೇ ಫೋನ್. ಏನಾಯಿತೋ ಎಂದು ಗಾಬರಿಯಿಂದ ಎತ್ತಿದರೆ ಅಪ್ಪ: 'ಏನಮ್ಮಾ ಇಂಜಿನಿಯರ್, ನಾಲ್ಕರಲ್ಲೂ 30 ಇದೆ. ಸ್ಟೆಪ್ನಿ 28ಕ್ಕೆ ಇಳಿದಿದೆ. ಇವತ್ತೇ ಹಾಕಿಸಲಾ?'